ಕೊಣ್ಣೂರನಿಗೆ ಹೆಪ್ಪು ಕೊಡಬೇಡಿ

ಈಸ್ವಿಕ್ ನಗರ
ಎರಡನೆಯ ಕತ್ತಲ ತಿಂಗಳ ಮೂವತ್ತೇಳನೆಯ ದಿನ, ೨೧೭೩

ಗದಗದ ಹಳೆಯ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ನೀಲವ್ವಜ್ಜಿಯವರಿಗೆ, ಅವರ ಮಗಳು ಕಸ್ತೂರಿಯ ಮರಿಮೊಮ್ಮಗಳಾದ ನಿಂಬೆವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ನಮ್ಮಲ್ಲಿ ತಿಂಗಳುಗಳನ್ನು ಬೆಳಕು ನೋಡಿ ವಿಂಗಡಿಸುತ್ತಾರೆ. ಚಳಿಗಾಲದಲ್ಲಿ ಸೂರ್ಯ ಮೇಲೇಳದ ಅವಧಿಯನ್ನು ಎರಡು ಕತ್ತಲ ತಿಂಗಳಾಗಿ ಮಾಡಿದ್ದಾರೆ, ಒಂದೊಂದೂ ನಿಮ್ಮ ತಿಂಗಳಿಗಿಂತ ಉದ್ದ. ಕಸ್ತೂರಿ ಈಗ ನಿಮ್ಮ ಪಕ್ಕದಲ್ಲಿ ಕೂತು ಮಗ್ಗಿ ಬರೆಯುತ್ತಿರಬಹುದು. ಅವಳ ಮರಿಮೊಮ್ಮಗಳಿಗೆ ಅರವತ್ತೊಂದು ವರ್ಷ, ಮೂವತ್ತೆಂಟರ ನಿಮ್ಮನ್ನು ಅವಳು ಅಜ್ಜಿ ಎನ್ನುತ್ತಾಳೆ ಎಂದರೆ ನಗು ಬರುವುದು ಸಹಜ. ನನ್ನ ಕನ್ನಡವೂ ನಿಮಗೆ ಬಿಗಿಯಾಗಿ, ಪುಸ್ತಕದ ಹಾಗೆ ಕೇಳಿಸಬಹುದು. ಕ್ಷಮಿಸಿ. ಮಾತನಾಡುವುದಕ್ಕಿಂತ ಓದಿ ಉಳಿಸಿಕೊಂಡ ಭಾಷೆ ಇದು. ನಿಮ್ಮ ಕಾಲದ ಪುಸ್ತಕ, ಪತ್ರಿಕೆ, ಕೊನೆಗೆ ಲಗ್ನಪತ್ರಿಕೆಗಳನ್ನೂ ಬಿಡದೆ ಓದಿ ಕಲಿತಿದ್ದೇನೆ. ನಿಮಗೆ ತಿಳಿಯದ ಮಾತು ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಈ ಕಾಗದ ನಿಮ್ಮ ಕೈಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ನಮ್ಮಲ್ಲಿ ಹಿನ್ನಂಚೆ ಎಂಬ ವ್ಯವಸ್ಥೆ ಇದೆ, ಹಿಂದಿನ ಕಾಲದವರಿಗೆ ಬರೆಯುವ ಅಂಚೆ. ಅರವತ್ತು ದಾಟಿದ ಪ್ರತಿ ನಾಗರಿಕರಿಗೂ ಬದುಕಿನಲ್ಲಿ ಒಂದು ಸಲ, ನೇರ ರಕ್ತಸಂಬಂಧದ ಹಿರಿಯರಿಗೆ ಒಂದು ಕಾಗದ ಕಳಿಸುವ ಹಕ್ಕಿದೆ. ನನ್ನ ಗೆಳತಿಯೊಬ್ಬಳು ತನ್ನ ಅಜ್ಜನಿಗೆ, ಆ ದಿನ ದೋಣಿ ಹತ್ತಬೇಡ ಎಂದು ಬರೆದಳು. ಅಜ್ಜ ಹತ್ತಿದ, ಮುಳುಗಿದ. ಅವನು ಮಾತು ಕೇಳಿದ್ದರೆ ಆಗಲೇ ಎಲ್ಲ ಬದಲಾಗುತ್ತಿತ್ತು, ಬದಲಾಯಿತೆಂದು ತಿಳಿಯುವವರು ಯಾರೂ ಉಳಿಯುತ್ತಿರಲಿಲ್ಲ ಎಂದು ಅಂಚೆಯವರು ಅವಳಿಗೆ ಸಮಾಧಾನ ಹೇಳಿದರು. ಹೆಚ್ಚಿನ ಜನ ಈ ಹಕ್ಕನ್ನು ಹೀಗೆ ಪ್ರೀತಿಗೆ ಖರ್ಚು ಮಾಡುತ್ತಾರೆ. ನಾನು ಸೇಡಿಗೆ ಮಾಡುತ್ತಿದ್ದೇನೆ. ಹಾಗೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಓದುವಾಗ ನನ್ನನ್ನು ತೀರಾ ಒಳ್ಳೆಯವಳೆಂದು ತಿಳಿಯಬಾರದು.

ನೀವು ಇನ್ನು ಎಂಟು ಹತ್ತು ದಿನದಲ್ಲಿ ಖಾನಾವಳಿಗೆ ಬೀಗ ಹಾಕಿ, ಯಜಮಾನರಾದ ಫಕೀರಪ್ಪಜ್ಜ, ಅತ್ತೆ ಸಾವಂತ್ರವ್ವ ಮತ್ತು ಕಸ್ತೂರಿಯ ಜೊತೆ ಉತ್ತರದ ಕಡಲ ದಂಡೆಯಲ್ಲಿ ಹೊಸದಾಗಿ ಕಟ್ಟುತ್ತಿರುವ ಈ ಊರಿಗೆ ಹೊರಡುವವರು. ಬಂದರು ಕಟ್ಟುವ ಕೆಲಸಗಾರರಿಗೆ ಅಡುಗೆಯವರು ಬೇಕು ಎಂಬ ಕರೆ ಬಂದಿದೆ. ನಿಮ್ಮ ಓಣಿಯವರು ಹಿಮದ ಬಗ್ಗೆ ಹೆದರಿಸಿದ್ದಾರೆ, ಏಜೆಂಟನು ಹೀಟರಿನ ಬಗ್ಗೆ ಆಸೆ ಹುಟ್ಟಿಸಿದ್ದಾನೆ. ಇಬ್ಬರೂ ಹೇಳದ ಸಂಗತಿಗಳನ್ನು ನಾನು ಹೇಳುತ್ತೇನೆ.

ಸಾಮಾನಿನ ಮಾತು ಮೊದಲು. ಸ್ವೆಟರುಗಳಿಗೆ ಪೆಟ್ಟಿಗೆಯಲ್ಲಿ ಜಾಗ ಹಾಳು ಮಾಡಬೇಡಿ, ಗದಗದಲ್ಲಿ ಸಿಗುವ ಸ್ವೆಟರು ಇಲ್ಲಿ ಒಳಂಗಿಗೂ ಸಾಲದು. ಕೌದಿ ತನ್ನಿ, ಇರುವಷ್ಟನ್ನೂ ತನ್ನಿ. ನಿಮ್ಮ ರೊಟ್ಟಿ ಹಂಚು ತಗ್ಗಾಗಿದೆ, ಅದನ್ನು ಅಲ್ಲೇ ಯಾರಿಗಾದರೂ ಕೊಟ್ಟು, ತಳ ಸಪಾಟಾಗಿರುವುದನ್ನು ಕೊಂಡು ತನ್ನಿ. ಇಲ್ಲಿಯ ಒಲೆಗೆ ಉರಿ ಇರುವುದಿಲ್ಲ, ಗಾಜಿನ ಹಲಗೆ ತಾನೇ ಕಾಯುತ್ತದೆ. ತಗ್ಗು ಹಂಚು ಅದರ ಮೇಲೆ ಕೂರದೆ ಅಲ್ಲಾಡುತ್ತದೆ, ರೊಟ್ಟಿ ಒಂದು ಕಡೆ ಸುಟ್ಟು ಒಂದು ಕಡೆ ಹಸಿಯಾಗುತ್ತದೆ. ಮೊದಲ ತಿಂಗಳು ನೀವು ಅದಕ್ಕಾಗಿ ಅತ್ತಿದ್ದನ್ನು ಕಸ್ತೂರಿ ಮುದುಕಿಯಾದ ಮೇಲೂ ಮರೆತಿರಲಿಲ್ಲ. ಜೋಳದ ಹಿಟ್ಟು ತರಬೇಡಿ, ಕಾಳು ತನ್ನಿ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಶೇಂಗಾ ಚಟ್ನಿಗೆ ತಡೆಯಿಲ್ಲ. ಬೂಟು ಇಲ್ಲಿಯೇ ಕೊಳ್ಳಿ, ಒಂದು ಅಳತೆ ದೊಡ್ಡದನ್ನೇ ಕೊಳ್ಳಿ, ಎರಡು ಜೊತೆ ಕಾಲುಚೀಲಕ್ಕೆ ಜಾಗ ಬೇಕು.

ಮನೆಗಳು ಬೆಚ್ಚಗಿರುತ್ತವೆ, ಓಣಿ ತಣ್ಣಗಿರುತ್ತದೆ. ಚಳಿಯ ಮಾತಲ್ಲ, ಜನರ ಮಾತು. ಮುಂಬಾಗಿಲು ತೆರೆದಿಟ್ಟುಕೊಂಡು ಕೂತರೆ ಯಾರಾದರೂ ಇಣುಕುತ್ತಾರೆ ಎಂದು ಕಾಯಬೇಡಿ, ಬೆಂಕಿ ಬಿದ್ದಿದೆಯೇ ಎಂದು ಅಗ್ನಿಶಾಮಕದವರಿಗೆ ಫೋನ್ ಮಾಡುತ್ತಾರೆ. ನಿಮಗೆ ಹೀಗೇ ಆಯಿತು. ಇಲ್ಲಿಯ ಜನ ನಕ್ಕು ಮಾತನಾಡಿಸದಿದ್ದರೆ ಸಿಟ್ಟಾಗಿದ್ದಾರೆ ಎಂದಲ್ಲ, ನಿಮ್ಮನ್ನು ನಿಮ್ಮಷ್ಟಕ್ಕೆ ಬಿಡುವುದೇ ಮರ್ಯಾದೆ ಎಂದು ಅವರು ನಂಬಿದ್ದಾರೆ. ಕರೆಗಂಟೆ ಒತ್ತಿ, ಬೂಟು ಕಳಚಿ, ತಂದದ್ದನ್ನು ಕೈಗೆ ಕೊಟ್ಟರೆ ಮುಖ ಅರಳುತ್ತದೆ. ಮೊದಲು ಹೋಗಬೇಕಾದವರು ನೀವು. ಈ ಮಾತನ್ನು ನೆನಪಿಡಿ, ಮುಂದೆ ಎಲ್ಲವೂ ಇದರ ಮೇಲೆ ನಿಂತಿದೆ.

ಸಾವಂತ್ರವ್ವಜ್ಜಿಯ ಬಗ್ಗೆ ಒಂದು ಮಾತು. ಊರಿನಲ್ಲಿ ಬೆಳಕಿನ ಕಟ್ಟೆಗಳಿವೆ, ಬಿಸಿಲಿನಂಥ ದೀಪಗಳ ಕೆಳಗೆ ಜನ ಬಂದು ಕೂರುವ ಜಗಲಿಗಳು. ಕತ್ತಲ ತಿಂಗಳಲ್ಲಿ ಆಕೆಯನ್ನು ದಿನವೂ ಅಲ್ಲಿಗೆ ಕರೆದೊಯ್ದು ಕೂರಿಸಿ. ಆಕೆ ಬೇಡವೆನ್ನುತ್ತಾಳೆ, ದೀಪದ ಬಿಸಿಲು ಸುಳ್ಳು ಬಿಸಿಲು ಎನ್ನುತ್ತಾಳೆ. ಬಿಡಬೇಡಿ. ಮನೆಯಲ್ಲೇ ಬಿಟ್ಟಿದ್ದಕ್ಕೆ ಎರಡನೆಯ ಚಳಿಗಾಲಕ್ಕೆ ಆಕೆ ಮಾತು ನಿಲ್ಲಿಸಿದಳು.

ಈಗ ಹೆಪ್ಪಿನ ವಿಷಯ. ಹೊರಡುವ ಮುಂಚೆ ಸಾವಂತ್ರವ್ವಜ್ಜಿ ಒಂದು ಬಿಳಿಯ ಅರಿವೆಯನ್ನು ಖಾನಾವಳಿಯ ಗಡಿಗೆ ಮೊಸರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಾಳೆ. ನೀವು, ಇದೇನು ಅತ್ತಿ, ಅಲ್ಲಿ ಮೊಸರು ಸಿಗಂಗಿಲ್ಲೇನು ಎಂದು ನಗುತ್ತೀರಿ. ಸಿಗುವುದಿಲ್ಲ. ಈಸ್ವಿಕ್‌ನಲ್ಲಿ ದನಗಳಿಲ್ಲ. ಹಾಲನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸುತ್ತಾರೆ, ಹಿಟ್ಟು ಹುದುಗಿದ ಹಾಗೆ ಅದು ತಾನೇ ಹೆಚ್ಚುತ್ತದೆ. ನಾವು ಅದನ್ನು ತೊಟ್ಟಿಹಾಲು ಎನ್ನುತ್ತೇವೆ. ಕುಡಿದರೆ ಹಾಲೇ, ಆದರೆ ಅದರಲ್ಲಿ ಯಾವ ಹೆಪ್ಪೂ ನಿಲ್ಲುತ್ತಿರಲಿಲ್ಲ. ಬೇರೆ ಬೇರೆ ದೇಶದವರು ತಂದ ಹೆಪ್ಪು ಹಾಕಿದರು, ಮೆಣಸಿನಕಾಯಿ ತೊಟ್ಟು ಹಾಕಿದರು, ಲೋಳೆಯಾಯಿತು. ನಿಮ್ಮ ಅರಿವೆಯನ್ನು ಬೆಚ್ಚಗಿನ ತೊಟ್ಟಿಹಾಲಿನಲ್ಲಿ ಅದ್ದಿಟ್ಟ ಮರುದಿನ, ಕುಯ್ದರೆ ಹೋಳಾಗುವಂಥ ಗಟ್ಟಿ ಮೊಸರಾಗಿತ್ತು. ಏಕೆಂದು ಇಂದಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತಲೆಮಾರುಗಳಿಂದ ಖಾನಾವಳಿಯ ಒಂದೇ ಗಡಿಗೆಯಲ್ಲಿ, ಧೂಳು ಹೊಗೆ ಬಿಸಿಲು ಎಲ್ಲ ತಿಂದು ಬದುಕಿದ ಜೀವ ಅದು, ಯಾವ ಹಾಲಿಗೂ ಒಗ್ಗುತ್ತದೆ ಎಂದು ನನ್ನ ಊಹೆ.

ನೀವು ಬರುವುದು ಬೆಳಕಿರುವ ಕಾಲದಲ್ಲಿ. ಕತ್ತಲ ತಿಂಗಳಿಗೆ ಇನ್ನೂ ಹಲವು ವಾರ ಇರುತ್ತವೆ. ಆ ವಾರಗಳಲ್ಲಿ ನಿಮ್ಮ ಖಾನಾವಳಿಯ ಮೊಸರನ್ನಕ್ಕೆ ಬಂದರಿನ ಕೆಲಸಗಾರರು ಸಾಲುಗಟ್ಟಿ ನಿಂತರು. ಆದರೆ ಓಣಿಯ ಒಂದು ಮನೆಗೂ ನೀವು ಹೆಪ್ಪು ಕೊಡಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ನಮ್ಮಲ್ಲಿ ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವುದಿಲ್ಲ, ಕೇಳದವರ ಮನೆಗೆ ಒಯ್ದು ಕೊಡುವುದೂ ಇಲ್ಲ. ಇಲ್ಲಿಯವರಿಗೆ ಕೇಳುವುದು ಗೊತ್ತಿಲ್ಲ. ಹೀಗೆ ಎರಡು ಕಡೆಯ ಸಂಕೋಚದ ನಡುವೆ, ಇಡೀ ಊರಿನಲ್ಲಿ ಮೊಸರಾಗುವ ಹೆಪ್ಪು ನಿಮ್ಮ ಅಡುಗೆಮನೆಯೊಂದರಲ್ಲೇ ಉಳಿಯಿತು. ಈ ತಪ್ಪು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು.

ಕತ್ತಲು ಶುರುವಾಗಿ ಮೂರು ವಾರಕ್ಕೆ ಮಹಾಂತೇಶ ಕೊಣ್ಣೂರ ಬಂದ. ನೂರ ನಲವತ್ತು ವರ್ಷದ ಹಿಂದಿನ ಹಿರಿಯನನ್ನು ನಾನು ಏಕವಚನದಲ್ಲಿ ಕರೆಯುವುದು ನಿಮಗೆ ಸರಿ ಕಾಣಲಿಕ್ಕಿಲ್ಲ. ನನ್ನ ಮನೆಯಲ್ಲಿ ಅವನನ್ನು ಬಹುವಚನದಲ್ಲಿ ಕರೆದವರಿಲ್ಲ. ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ಕೊಡಿಸುವುದು, ಕಚೇರಿಯಲ್ಲಿ ದುಭಾಷಿಯಾಗಿ ನಿಲ್ಲುವುದು ಅವನ ಕೆಲಸ. ಈ ಕಾಗದದಲ್ಲಿರುವ ಅತಿ ಮುಖ್ಯವಾದ ಸಲಹೆ ಇದು: ಪರದೇಶದಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುವ ನಮ್ಮೂರಿನವನಿಗೆ ಹೆದರಿ. ಬೇರೆಯವರಿಗೆ ನಿಮ್ಮ ದೌರ್ಬಲ್ಯ ಗೊತ್ತಿರುವುದಿಲ್ಲ. ಯಾವ ಮಾತಿಗೆ ನೀವು ಕರಗುತ್ತೀರಿ, ಯಾವುದಕ್ಕೆ ಇಲ್ಲವೆನ್ನಲಾರಿರಿ ಎಂಬುದು ಅವನಿಗೆ ತಾಯಿಯ ಹಾಲಿನ ಜೊತೆಗೇ ಬಂದಿರುತ್ತದೆ.

ಆ ಬೆಳಗಿನ ಮಾತುಗಳನ್ನು ಕಸ್ತೂರಿ ತನ್ನ ಮೊಮ್ಮಕ್ಕಳಿಗೆ, ಅವರು ನನಗೆ, ಹಾಡಿನ ಹಾಗೆ ಬಾಯಿಪಾಠ ಮಾಡಿಸಿದ್ದಾರೆ. ಅವನು ಬಾಗಿಲಲ್ಲಿ ನಿಂತು, “ಗದಗಿನವರಂತಲ್ಲವ್ವಾರ, ನಾ ಕೊಣ್ಣೂರಾಂವ. ಒಂದ ಹೊಳಿ ನೀರು ಕುಡದಾವ್ರು ಇಲ್ಲಿ ಬಂದು ಗುರ್ತಿಲ್ಲದಂಗ ಕುಂತೀವಲ್ಲ” ಎಂದ. ಆಮೇಲೆ, “ಮೊಸರು ಉಂಡು ಎರಡು ವರ್ಷ ಆತು. ಒಂದು ಚಮಚ ಹೆಪ್ಪು ಕೊಟ್ರ, ಉಣ್ಣೂ ಮುಂದ ನಿಮ್ಮ ಹೆಸರು ಹೇಳಿ ಉಣ್ತೀನಿ” ಎಂದ. ಒಳಗಿನಿಂದ ಸಾವಂತ್ರವ್ವಜ್ಜಿ, “ನೀಲವ್ವ, ಮ್ಯಾಲ ನೋಡು, ದೀಪ ಹಚ್ಚೇತಿ. ದೀಪ ಹಚ್ಚಿದ ಮ್ಯಾಲ ಮನಿಯಾಗಿನ ಹೆಪ್ಪು ಹೊರಗ ಹೋಗಬಾರದು” ಎಂದಳು. ಫಕೀರಪ್ಪಜ್ಜನಿಗೆ ನಗು ಬಂತು. “ಯವ್ವಾ, ಇಲ್ಲಿ ಹೊತ್ತು ಮುಣುಗಿ ಮೂರು ವಾರ ಆತು. ಗಡಿಯಾರ ನೋಡು, ಮುಂಜಾನಿ ಹನ್ನೊಂದು. ನಿನ್ನ ಲೆಕ್ಕ ಹಿಡದ್ರ ಸಂಕ್ರಮಣ ದಾಟೂತನಾ ಯಾರಿಗೂ ಉಪ್ಪೂ ಕೊಡಂಗಿಲ್ಲ.” ಅಜ್ಜಿ ಬಿಡಲಿಲ್ಲ. “ಕೊಡಬ್ಯಾಡ. ಬಿಸಲು ಬಿದ್ದ ಮ್ಯಾಲ ಬಾ ಅನ್ನು.” ಕೊಣ್ಣೂರ ಬಾಗಿಲಲ್ಲೇ ನಿಂತು, “ಅಜ್ಜಿ ಭಾಳ ಶಾಣ್ಯಾಕಿ ಅದಾಳ ಬಿಡ್ರಿ” ಎಂದು ನಕ್ಕ. ನಿಮಗೆ ನಾಚಿಕೆಯಾಯಿತು. “ಬಾಗಲಕ್ಕ ಬಂದಾವ್ರನ್ನ ಹಂಗ ಕಳಸಬಾರದು ಅತ್ತಿ, ಗಡಿಯಾರದಾಗ ಮುಂಜಾನಿ ಇದ್ರ ಮುಂಜಾನಿನ” ಎಂದು ಹೇಳಿ, ನಿಮ್ಮ ತವರಿನವರು ತಳದಲ್ಲಿ ನಿಮ್ಮ ಹೆಸರು ಕೆತ್ತಿಸಿ ಕೊಟ್ಟ ಸ್ಟೀಲಿನ ವಾಟಗದಲ್ಲಿ ಹೆಪ್ಪು ಹಾಕಿ ಕೊಟ್ಟಿರಿ. ಅವನು ವಾಟಗವನ್ನು ವಾಪಸು ತರಲಿಲ್ಲ.

ನಮ್ಮ ಊರಿನ ಕಾನೂನಿನಲ್ಲಿ ಜೀವಹಕ್ಕು ಎಂದೊಂದಿದೆ. ಹೆಪ್ಪು, ಹಿಟ್ಟಿನ ಹುದುಗು, ಬೀಜ, ಇಂಥ ಜೀವವಿರುವ ಯಾವ ಪದಾರ್ಥವನ್ನೂ ಮೊದಲು ಯಾರು ತಮ್ಮದೆಂದು ಘೋಷಿಸುತ್ತಾರೋ ಅದು ಅವರ ಸ್ವತ್ತು. ನಿಮಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೂ ಹೆಪ್ಪನ್ನು ಒಬ್ಬರ ಹೆಸರಿಗೆ ಬರೆಸಬಹುದೆಂದು ಕನಸಿನಲ್ಲೂ ಹೊಳೆಯುತ್ತಿರಲಿಲ್ಲ. ಕೊಣ್ಣೂರ ಘೋಷಿಸಿದ. ವಸಂತಕ್ಕೆ ಹಾಲುಗಾವಲಿನವರು, ಅಂದರೆ ಈ ಕಾನೂನು ಕಾಯುವ ಅಧಿಕಾರಿಗಳು, ಖಾನಾವಳಿಗೆ ಬಂದು ಗಡಿಗೆಗಳನ್ನು ಎತ್ತಿದರು. ಮತ್ತೊಬ್ಬರ ಸ್ವತ್ತಿನಿಂದ ವ್ಯಾಪಾರ ಮಾಡುತ್ತಿದ್ದೀರಿ ಎಂಬ ಆರೋಪ. ನೀವು, “ಸಾಹೇಬ್ರ, ಹೆಪ್ಪು ಯಾರ ಸ್ವತ್ತೂ ಅಲ್ಲ, ಕೇಳಿದಾವ್ರಿಗೆ ಕೊಡೂದೈತಿ” ಎಂದಿರಿ. ದುಭಾಷಿಯಾಗಿ ನಿಂತವನು ಕೊಣ್ಣೂರನೇ. ಇದು ತನ್ನದಲ್ಲ ಎಂದು ಆಕೆ ಒಪ್ಪುತ್ತಿದ್ದಾಳೆ ಎಂದು ಅವರಿಗೆ ತಿಳಿಸಿದ. ಕಸ್ತೂರಿ ಅಷ್ಟು ಹೊತ್ತಿಗೆ ಶಾಲೆಯಲ್ಲಿ ಆ ಭಾಷೆ ಕಲಿತಿದ್ದಳು. ಹತ್ತು ವರ್ಷದ ಹುಡುಗಿ, ಅವನು ಸುಳ್ಳು ಹೇಳಿದ ಎಂದು ಕೂಗಿದಳು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬೇಡ ಎಂದು ಗದರಿಸಿ ಕೂರಿಸಿದವರು ನೀವು.

ಖಾನಾವಳಿ ಮುಚ್ಚಿತು. ಫಕೀರಪ್ಪಜ್ಜ ಹಿಮ ಎತ್ತುವ ಕೂಲಿಗೆ ಹೋಗಿ ಸೊಂಟ ಕಳೆದುಕೊಂಡ. ಕೊಣ್ಣೂರನ ಮೊಸರಿನ ಕಾರ್ಖಾನೆ ಎದ್ದಿತು, ನಿಮಗೆ ಅಲ್ಲೇ ಕೆಲಸ ಸಿಕ್ಕಿತು. ನಿಮ್ಮದೇ ಹೆಪ್ಪಿನಿಂದ ಮೊಸರಾಗುವ ಗಡಿಗೆಗಳನ್ನು ತೊಳೆಯುವ ಕೆಲಸ. ನೀವು ಸಾಯುವ ತನಕ ಅದನ್ನೇ ಮಾಡಿದಿರಿ. ನಿಮ್ಮ ಮಣಿಕಟ್ಟು ಊದಿ, ರೊಟ್ಟಿ ಬಡಿಯಲು ಕೈ ಏಳದ ಹಾಗೆ ಆಯಿತು. ಕೊಣ್ಣೂರ ಹಬ್ಬಕ್ಕೊಮ್ಮೆ ಕೆಲಸದವರಿಗೆಲ್ಲ ಮೊಸರಿನ ಡಬ್ಬಿ ಹಂಚುತ್ತಿದ್ದ. ನಿಮಗೆ ಕೊಡುವಾಗ, “ನಮ್ಮೂರಿನವರು ಅಂತ ನಿಮಗೆ ಎರಡು” ಎನ್ನುತ್ತಿದ್ದ. ಆ ಎರಡು ಡಬ್ಬಿಗಳಿಗಾಗಿ ನಾನು ಅವನನ್ನು ಕ್ಷಮಿಸಲಾರೆ. ಕದ್ದದ್ದಕ್ಕಾದರೂ ಎಲ್ಲೋ ಒಂದು ಮೂಲೆಯಲ್ಲಿ ಕ್ಷಮೆ ಇದ್ದೀತು.

ಶಾಲೆಯಲ್ಲಿ ನಮಗೆ ಅವನ ಪಾಠವಿತ್ತು. ಮರುಭೂಮಿಯಂಥ ಊರಿಗೆ ಮೊಸರು ತಂದ ಮಹನೀಯ ಎಂದು ಬರೆದಿದ್ದರು. ನಮ್ಮನ್ನು ನಗರದ ಸಂಗ್ರಹಾಲಯಕ್ಕೆ ಕರೆದೊಯ್ದಾಗ ಗಾಜಿನ ಪೆಟ್ಟಿಗೆಯಲ್ಲಿ ಆ ವಾಟಗ ಕಂಡೆ. ಕೊಣ್ಣೂರರ ತಾಯಿಯ ಬಟ್ಟಲು ಎಂದು ಫಲಕ ಹಾಕಿದ್ದರು. ಅದರ ತಳವನ್ನು ಪೀಠಕ್ಕೆ ಅಂಟಿಸಿಬಿಟ್ಟಿದ್ದಾರೆ. ತಳದಲ್ಲಿ ಚುಕ್ಕಿಚುಕ್ಕಿಯಾಗಿ ಯಾರ ಹೆಸರು ಕೆತ್ತಿದೆ ಎಂದು ನನಗೆ ಗೊತ್ತಿತ್ತು. ಶಿಕ್ಷಕಿಗೆ ಹೇಳಿದೆ. ಕಲ್ಪನೆ ಚೆನ್ನಾಗಿದೆ, ಪ್ರಬಂಧ ಬರೆ ಎಂದರು. ಅಂದಿನಿಂದ ನಾನು ಆ ಮನೆತನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅವರ ಮದುವೆಗಳ ವರ್ಣನೆ, ಭಾಷಣಗಳು, ಬೆಳಕಿನ ಕಟ್ಟೆಗಳಿಗೆ ಅವರು ಕೊಟ್ಟ ದಾನದ ಕಲ್ಲುಗಳು. ಸಾವಂತ್ರವ್ವಜ್ಜಿ ಮಾತು ಬಿಟ್ಟು ಸತ್ತ ಓಣಿಯ ಕಟ್ಟೆಗೂ ಅವರ ಹೆಸರೇ ಇದೆ.

ಆದ್ದರಿಂದ ನೀವು ಮಾಡಬೇಕಾದದ್ದನ್ನು ಈಗ ಹೇಳುತ್ತೇನೆ. ಇಳಿದ ದಿನವೇ, ಪೆಟ್ಟಿಗೆ ಬಿಚ್ಚುವ ಮೊದಲು, ಅರಿವೆಯಿಂದ ಹೆಪ್ಪು ಎಬ್ಬಿಸಿ. ಜೀವಹಕ್ಕಿನ ಕಾನೂನಿಗೆ ಒಂದು ಅಪವಾದವಿದೆ, ಅದನ್ನು ಒಲೆಹಕ್ಕು ಎನ್ನುತ್ತಾರೆ. ಒಂದು ಓಣಿಯ ಎಲ್ಲ ಒಲೆಗಳಲ್ಲೂ ಬಳಕೆಯಲ್ಲಿರುವ ಜೀವವನ್ನು ಯಾರೂ ತಮ್ಮದೆನ್ನುವಂತಿಲ್ಲ. ಕಾನೂನು ಪುಸ್ತಕಗಳನ್ನು ತಿರುವಿಹಾಕುವಾಗ ಈ ಸಾಲು ಕಂಡ ದಿನ ನಾನು ಅನ್ನ ಬಿಟ್ಟು ಕೂತಿದ್ದೆ. ನೀವು ಗದಗದಲ್ಲಿ ಬದುಕಿದ ಹಾಗೆಯೇ ಇಲ್ಲೂ ಬದುಕಿದ್ದರೆ, ಅಕ್ಕಪಕ್ಕದ ಮನೆಗಳೆಲ್ಲ ನಿಮ್ಮ ಹೆಪ್ಪಿನಿಂದ ಮೊಸರು ಮಾಡುತ್ತಿದ್ದರೆ, ಅವನ ಘೋಷಣೆಗೆ ಕವಡೆ ಕಿಮ್ಮತ್ತೂ ಇರುತ್ತಿರಲಿಲ್ಲ. ಹಾಗಾಗಿ ಕೇಳಲಿ ಎಂದು ಕಾಯಬೇಡಿ. ಕಸ್ತೂರಿಯನ್ನು ಜೊತೆಗೆ ಕರೆದುಕೊಂಡು ಪ್ರತಿ ಮನೆಯ ಗಂಟೆ ಒತ್ತಿ. ಎದುರುಮನೆಯ ಮೀನುಗಾರನಿಗೆ, ಮೇಲಿನ ಮನೆಯ ಸೊಮಾಲಿ ದಾದಿಗೆ, ಮೂಲೆಯ ಮನೆಯಲ್ಲಿ ನಾಯಿಯೊಂದಿಗೆ ಒಬ್ಬಳೇ ಇರುವ ಮುದುಕಿಗೆ, ಎಲ್ಲರಿಗೂ ಕೊಡಿ. ಹಾಲು ಎಷ್ಟು ಬೆಚ್ಚಗಿರಬೇಕೆಂದು ಅವರ ಬೆರಳನ್ನು ಹಾಲಿನಲ್ಲಿ ಅದ್ದಿಸಿ ತೋರಿಸಿ. ಬೇಡವೆಂದರೆ ಮರುದಿನ ಮತ್ತೆ ಹೋಗಿ. ಕೆಟ್ಟಿತೆಂದರೆ ಮತ್ತೆ ಕೊಡಿ. ದೀಪ ಹಚ್ಚಿದ್ದರೂ ಕೊಡಿ. ಸಾವಂತ್ರವ್ವಜ್ಜಿಗೆ ನಾನೇ ಹೇಳಿದೆ ಎಂದು ಹೇಳಿ.

ಕೊಣ್ಣೂರ ಬಂದಾಗ ಮಾತ್ರ ಕೊಡಬೇಡಿ. ಓಣಿಗೆಲ್ಲ ಹಂಚಿದ ಮೇಲೆ ಅವನಿಗೆ ಕೊಟ್ಟರೂ ನಷ್ಟವಿಲ್ಲ, ನನಗೆ ಗೊತ್ತು. ಆದರೂ ಕೊಡಬೇಡಿ. ಅವನು ಒಂದೇ ಹೊಳೆಯ ನೀರಿನ ಮಾತು ಎತ್ತುತ್ತಾನೆ, ಎರಡು ವರ್ಷದ ಮಾತು ಎತ್ತುತ್ತಾನೆ. ನಿಮಗೆ ನಾಚಿಕೆಯಾಗುತ್ತದೆ. ಆಗಲಿ. ಇಡೀ ಓಣಿ ಮೊಸರು ಉಣ್ಣುತ್ತಿರುವಾಗ, ಒಬ್ಬ ಗಂಡಸು ತನ್ನ ಭಾಷೆಯ ಮನೆಯ ಬಾಗಿಲಿನಿಂದ ಬರಿಗೈಯಲ್ಲಿ ತಿರುಗಬೇಕು. ಎದುರುಮನೆಯ ಮೀನುಗಾರನ ಹತ್ತಿರ ಹೋಗಿ, ದುಭಾಷಿಯ ಕೆಲಸಕ್ಕೆಂದು ಕಲಿತ ಪರಭಾಷೆಯಲ್ಲಿ ಬೇಡಿಕೊಳ್ಳಬೇಕು. ಮೀನುಗಾರ ಕೊಡುತ್ತಾನೆ, ನೀವು ಕಲಿಸಿರುತ್ತೀರಲ್ಲ. ಕೊಣ್ಣೂರ ಆ ಮೊಸರು ಉಣ್ಣುವಾಗಲೆಲ್ಲ ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿರಬೇಕು. ನನಗೆ ಬೇಕಾದದ್ದು ಅಷ್ಟೇ, ಅದರಲ್ಲಿ ಒಂದು ಚೂರೂ ಕಡಿಮೆ ಮಾಡಬೇಡಿ.

ಇದರ ಬೆಲೆಯನ್ನೂ ಹೇಳಬೇಕು, ಮುಚ್ಚಿಟ್ಟರೆ ಅವನಿಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ. ಕಾರ್ಖಾನೆಗೆ ತೊಟ್ಟಿಹಾಲು ಸಾಗಿಸುತ್ತಿದ್ದ ದೋಣಿಯವನೊಬ್ಬನಿದ್ದ, ಒಲಾವ್ ಎಂದು. ನಿಮಗೆ ಊಟ ತಂದುಕೊಡಲು ಬರುತ್ತಿದ್ದ ಕಸ್ತೂರಿಯನ್ನು ಅವನು ನೋಡಿದ್ದು ಗಡಿಗೆ ತೊಳೆಯುವ ಕೋಣೆಯ ಬಾಗಿಲಲ್ಲಿ. ಅವರಿಬ್ಬರ ಮರಿಮೊಮ್ಮಗಳು ನಾನು. ಕಾರ್ಖಾನೆ ಏಳದಿದ್ದರೆ ಒಲಾವ್ ಆ ಬಾಗಿಲಿಗೆ ಬರುವುದಿಲ್ಲ, ನಾನೂ ಇರುವುದಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಿಲ್ಲ, ಇದ್ದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲವೇನೋ. ಕಸ್ತೂರಿಗೆ ಬೇರೆ ಯಾರಾದರೂ ಸಿಗುತ್ತಾರೆ. ಖಾನಾವಳಿಯ ಮಾಲೀಕಳ ಮಗಳು, ಸುಳ್ಳನ್ನು ಸುಳ್ಳೆಂದು ಕೂಗುವ ಹುಡುಗಿ. ಈ ಸಲ ಅವಳು ಬಾಯಿ ಹಾಕಿದರೆ ಗದರಿಸಬೇಡಿ. ನನ್ನ ಮೇಲಿನ ಕರುಣೆಯಿಂದ ಮಾತ್ರ ಮನಸ್ಸು ಬದಲಿಸಬೇಡಿ. ನೀವು ಅಳಿಸುತ್ತಿರುವುದು ಒಬ್ಬ ಮುದುಕಿಯ ಉಳಿದ ಕೆಲವು ಚಳಿಗಾಲಗಳನ್ನು. ಜೊತೆಗೆ ಆ ಮನೆತನದ ನೂರ ನಲವತ್ತು ವರ್ಷಗಳ ಮೆರೆದಾಟವನ್ನು.

ಇದನ್ನು ಇಂದೇ ಬರೆಯಲು ಒಂದು ಕಾರಣವಿದೆ. ಈ ಚಳಿಗಾಲದಲ್ಲಿ ಕೊಣ್ಣೂರರ ಹೆಪ್ಪು ಸಾಯುತ್ತಿದೆ. ತೊಟ್ಟಿಗಳಿಗೆ ಯಾವುದೋ ರೋಗ ಬಿದ್ದು ಮೊಸರೆಲ್ಲ ನೀರಾಗುತ್ತಿದೆ. ಸಾವಂತ್ರವ್ವಜ್ಜಿಯ ಅರಿವೆಯಿಂದ ಕಸ್ತೂರಿ ಒಂದು ತುಂಡು ಹರಿದು ಅಡಗಿಸಿದ್ದಳು. ವರ್ಷಕ್ಕೊಮ್ಮೆ ಕದ್ದು ಎಬ್ಬಿಸಿ, ಹೊಸ ಬಟ್ಟೆಗೆ ಅದ್ದಿ, ಒಣಗಿಸಿ, ನಾವು ಈ ತನಕ ಅದನ್ನು ಬದುಕಿಸಿದ್ದೇವೆ. ಈ ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿದೆ. ಈಗಿನ ಯಜಮಾನ ರುದ್ರಸೇನ ಕೊಣ್ಣೂರ ಇಂದು ಮುಂಜಾನೆ ನನ್ನ ಮನೆಗೆ ಬಂದ. ಸಣ್ಣ ವಯಸ್ಸಿನವನು, ಕಣ್ಣ ಸುತ್ತ ನಿದ್ದೆಗೆಟ್ಟ ಕಪ್ಪು. ಬೂಟು ಕಳಚಿ ಒಳಗೆ ಬಂದು ನೆಲದ ಮೇಲೇ ಕೂತ. ಚಹಾ ಕೊಟ್ಟೆ.

“ನಿಂಬೆವ್ವ ಅಕ್ಕಾರ, ನಮ್ಮ ಹಿರ್ಯಾರು ಏನ ಮಾಡ್ಯಾರೋ ಅದರಾಗ ನಂದು ಕೈ ಇಲ್ಲ” ಎಂದ.

“ಕೈ ಇಲ್ಲ. ಬಾಯಿ ಐತಿ. ಉಂಡೀರಲ್ಲ ಇಷ್ಟು ವರ್ಷ” ಎಂದೆ.

ಅವನು ತಲೆ ಬಗ್ಗಿಸಿದ. “ಕಾರ್ಖಾನಿ ಮುಚ್ಚಿದ್ರ ಸಾವಿರಾರು ಮಂದಿ ಬೀದಿಗೆ ಬರ್ತಾರ. ನೀಲವ್ವನವರ ಹೆಸರು ಹಾಕಸ್ತೀನಿ. ವಾಟಗ ತಿರುವಿ ಇಡಸ್ತೀನಿ, ಎಲ್ಲಾರೂ ಓದಲಿ. ಒಂದು ಚಮಚ ಕೊಡ್ರಿ.”

ವಾಟಗದ ತಳದಲ್ಲಿ ಹೆಸರಿರುವುದು ಅವರಿಗೆ ಗೊತ್ತಿತ್ತು. ಇಷ್ಟು ಕಾಲವೂ ಗೊತ್ತಿತ್ತು. ನಾನು ಅವನ ಖಾಲಿ ಲೋಟ ತೆಗೆದುಕೊಂಡೆ. ಇಲ್ಲವೆನ್ನಲಿಲ್ಲ, ಹೂಂ ಎನ್ನಲಿಲ್ಲ. ಇಲ್ಲವೆಂದರೆ ಅವನು ಇಂದು ಹಾಳಾಗುತ್ತಾನೆ, ಅವನ ಹಿಂದಿನವರೆಲ್ಲ ಉಂಡು ಮಲಗಿ ಸತ್ತದ್ದು ಹಾಗೆಯೇ ಉಳಿಯುತ್ತದೆ. ನನಗೆ ಅದು ಸಾಲದು. ಬಾಗಿಲ ತನಕ ಹೋಗಿ ಅವನ ಬೂಟು ಮುಂದಿಟ್ಟೆ. ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ಒಂದು ಕ್ಷಣ ನನ್ನ ಕೈ ಅವನ ತಲೆಯ ಕಡೆ ಎದ್ದಿತು, ಅಭ್ಯಾಸ ಹಾಗೆ. ಹಿಂದಕ್ಕೆ ತೆಗೆದುಕೊಂಡೆ.

“ನಾಳೆ ಬರ್ರಿ” ಎಂದು ಕಳಿಸಿದ್ದೇನೆ. ಅವನು ನಂಬಿ ಹೋಗಿದ್ದಾನೆ. ನೀಲವ್ವಜ್ಜಿ, ಆ ನಾಳೆಯನ್ನು ಬರಗೊಡಬೇಡಿ.

ನಿಮ್ಮ
ನಿಂಬೆವ್ವ